ನ್ಯಾಯಾಲಯದಲ್ಲಿ ಕ್ಯಾಮರಾ

ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳ ನ್ಯಾಯ ತೀರ್ಮಾನವು ಊರ ಮುಂದಿನ ಅರಳಿಕಟ್ಟೆಯ ಬಳಿ ನಡೆಯುತ್ತಿತ್ತು. ಪಂಚರು ಕಟ್ಟೆಯ ಮೇಲೆ ಕುಳಿತುಕೊಳ್ಳುವರು. ವಾದಿ ಪ್ರತಿವಾದಿಗಳು ಅವರ ಎದುರಿಗೆ ನಿಲ್ಲುವರು. ಊರ ಜನರು ಸುತ್ತಲೂ ನೆರೆಯುವರು. ಮುಚ್ಚಿದ ಬಾಗಿಲ ಹಿಂದೆ ಹೇಳಿದ ತೀರ್ಪಿಗಿಂತ ಹತ್ತು ಜನರ ಎದುರಿಗೆ ಹೇಳಿದ ತೀರ್ಪಿಗೆ ಬೆಲೆ ಹೆಚ್ಚೆಂಬುದನ್ನು ನಮ್ಮ ಹಿರಿಯರು ಅನುಭವದಿಂದ ಅರಿತಿದ್ದರು. ನ್ಯಾಯವು ದೊರೆತರೆ ಮಾತ್ರ ಸಾಲದು. ಅದು ದೊರೆಯಿತೆಂಬುದು ಎಲ್ಲರ ಕಣ್ಣಿಗೂ ಕಾಣಬೇಕು.

ಇಂದಿನ ನ್ಯಾಯಾಲಯಗಳೂ ಇದೇ ತತ್ತ್ವದ ಮೇಲೆ ನಿಂತಿವೆ. ನ್ಯಾಯಾಲಯವು ತೆರೆದ ಸ್ಥಳವಾಗಿರಬೇಕು, ಸ್ಥಳವಿರುವಷ್ಟು ಮಟ್ಟಿಗೆ ಸಾರ್ವಜನಿಕರಿಗೆ ಅಲ್ಲಿ ಪ್ರವೇಶವಿರಬೇಕು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆಯು ವಿಧಿಸಿತ್ತು. ಅದರ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಇದನ್ನೇ ಹೇಳುತ್ತದೆ. ಇದರಿಂದ ಆಗುವ ಪ್ರಯೋಜನಗಳು ಹಲವು. ನಾಲ್ಕು ಜನರು ನೋಡುತ್ತಿರುವಾಗ ನ್ಯಾಯಾಧೀಶರು ಎಚ್ಚರಿಕೆಯಿಂದ ವರ್ತಿಸುತ್ತಾರೆ. ಸುಳ್ಳು ಹೇಳಬಂದ ಸಾಕ್ಷಿಯು, ನಿಜ ಬಲ್ಲವರು ಸಭೆಯಲ್ಲಿ ಕುಳಿತಿರಬಹುದೆಂದು ಅಂಜುತ್ತಾನೆ. ಆಪಾದಿತನನ್ನು ಗುಟ್ಟಾಗಿ ವಿಚಾರಿಸಿ ಗುಟ್ಟಾಗಿ ದಂಡಿಸುವುದು ಸಾಧ್ಯವಾಗುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತೀರ್ಪು ತಮಗೆ ಒಪ್ಪಿಗೆಯಾಗದಿದ್ದರೂ ಅದು ಹೇಗೆ ಬಂದಿತೆಂಬುದನ್ನು ಜನರು ತಿಳಿಯುತ್ತಾರೆ.

ಆದರೆ ನ್ಯಾಯಾಲಯದ ಬಾಗಿಲು ತೆರೆದಿದ್ದ ಮಾತ್ರಕ್ಕೆ ಎಲ್ಲರೂ ಒಳಗೆ ಹೋಗಿ ಕುಳಿತುಕೊಳ್ಳಲಾಗುವುದಿಲ್ಲ. ಉಳುವವನು ಹೊಲಕ್ಕೆ ಹೋಗಬೇಕು. ನೇಯುವವನು ಮಗ್ಗದ ಮುಂದೆ ಕೂರಬೇಕು. ಇವರೆಲ್ಲರ ಪರವಾಗಿ ನ್ಯಾಯಾಲಯಕ್ಕೆ ಹೋಗಿ, ಕಂಡುದನ್ನು ಬಂದು ಹೇಳುವವನು ಪತ್ರಿಕೆಯ ಬಾತ್ಮೀದಾರನು. ಮೊದಲು ವರ್ತಮಾನ ಪತ್ರಿಕೆ, ಅನಂತರ ಬಾನುಲಿ, ಅನಂತರ ದೂರದರ್ಶನ, ಈಗ ಅಂತರ್ಜಾಲ, ಹೀಗೆ ಸಾಧನಗಳು ಬದಲಾಗಿವೆ, ಕೆಲಸ ಬದಲಾಗಿಲ್ಲ. ನಮ್ಮ ಸಂವಿಧಾನದ 19(1)(ಎ) ವಿಧಿಯು ಪ್ರಜೆಗಳಿಗೆಲ್ಲ ವಾಕ್ ಸ್ವಾತಂತ್ರ್ಯವನ್ನೂ ಅಭಿವ್ಯಕ್ತಿ ಸ್ವಾತಂತ್ರ್ಯವನ್ನೂ ನೀಡಿದೆ. ಅಮೆರಿಕದ ಸಂವಿಧಾನದಲ್ಲಿರುವಂತೆ ಪತ್ರಿಕಾ ಸ್ವಾತಂತ್ರ್ಯವನ್ನು ನಮ್ಮ ಸಂವಿಧಾನವು ಬೇರೆಯಾಗಿ ಹೆಸರಿಸಿಲ್ಲ. ಆದರೂ ಅದು ಈ ವಿಧಿಯಲ್ಲಿಯೇ ಅಡಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು ಮತ್ತೆ ಮತ್ತೆ ಹೇಳಿದೆ.

ಇದಕ್ಕೆ ಎದುರಾಗಿ ಇನ್ನೊಂದು ಹಕ್ಕಿದೆ. ಅದು ಕಟಕಟೆಯಲ್ಲಿ ನಿಂತವನ ಹಕ್ಕು. ಅಪರಾಧವು ಸಿದ್ಧವಾಗುವವರೆಗೆ ಆಪಾದಿತನು ನಿರಪರಾಧಿಯೆಂದೇ ಭಾವಿಸಬೇಕೆಂಬುದು ನ್ಯಾಯಶಾಸ್ತ್ರದ ಮೊದಲನೆಯ ಪಾಠ. ಕಾನೂನು ವಿಧಿಸಿದ ಕ್ರಮವನ್ನು ಬಿಟ್ಟು ಯಾರ ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಸಿದುಕೊಳ್ಳಕೂಡದೆಂದು ಸಂವಿಧಾನದ 21ನೆಯ ವಿಧಿಯು ಸಾರುತ್ತದೆ. ನ್ಯಾಯಬದ್ಧವಾದ ವಿಚಾರಣೆಯನ್ನು ಪಡೆಯುವ ಹಕ್ಕು ಇದರೊಳಗೆ ಸೇರಿದೆ. ವಾಕ್ ಸ್ವಾತಂತ್ರ್ಯದ ಮೇಲೆ ಸಮಂಜಸವಾದ ನಿರ್ಬಂಧಗಳನ್ನು ಹೇರಲು 19(2) ವಿಧಿಯು ಅವಕಾಶವನ್ನು ಕೊಟ್ಟಿದೆ. ಆ ನಿರ್ಬಂಧಗಳಿಗೆ ಅದು ಹೇಳಿರುವ ಕಾರಣಗಳಲ್ಲಿ ನ್ಯಾಯಾಂಗ ನಿಂದನೆಯೂ ಒಂದು.

ಈ ಎರಡು ಹಕ್ಕುಗಳು ಒಂದಕ್ಕೊಂದು ತಾಗುವುದು ಹೇಗೆ? ನ್ಯಾಯಾಲಯವು ಕಿವಿಗೆ ಬಿದ್ದುದನ್ನೆಲ್ಲ ಸಾಕ್ಷ್ಯವೆಂದು ಸ್ವೀಕರಿಸುವುದಿಲ್ಲ. ಗೃಹಿಣಿಯು ಅಕ್ಕಿಯನ್ನು ಮೊರದಲ್ಲಿ ಕೇರಿ ಕಲ್ಲು ಹೊಟ್ಟುಗಳನ್ನು ಬೇರ್ಪಡಿಸುವಂತೆ, ಅದು ಸಾಕ್ಷ್ಯವನ್ನು ಶೋಧಿಸುತ್ತದೆ. ಕೇಳಿದ ಮಾತು ಬೇರೆ, ಕಣ್ಣಾರೆ ಕಂಡ ಮಾತು ಬೇರೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನಮ್ಮ ಕಾನೂನು ಆಪಾದಿತನ ವಿರುದ್ಧ ಸಾಕ್ಷ್ಯವಾಗಿ ಬಳಸಗೊಡುವುದಿಲ್ಲ. ಹೊಡೆತಕ್ಕೂ ಬೆದರಿಕೆಗೂ ಸಿಕ್ಕಿದ ಮನುಷ್ಯನು ಮಾಡದ ತಪ್ಪನ್ನೂ ಒಪ್ಪಿಕೊಂಡಾನು ಎಂಬುದೇ ಇದಕ್ಕೆ ಕಾರಣ. ಅಂಗೀಕಾರವಾದ ಸಾಕ್ಷಿಯ ಮಾತೂ ಪಾಟೀಸವಾಲಿನ ಬೆಂಕಿಯಲ್ಲಿ ಹಾದು ಬರಬೇಕು. ಹೀಗಿರುವಲ್ಲಿ, ‘ತಪ್ಪೊಪ್ಪಿಕೊಂಡ ಕೊಲೆಗಾರ’ ಎಂಬ ತಲೆಬರಹವು ವಿಚಾರಣೆಗೆ ಮೊದಲೇ ಊರೆಲ್ಲ ಹರಡಿದರೆ, ನ್ಯಾಯಾಲಯವು ಕೇರಿ ಹೊರಗೆ ಚೆಲ್ಲಿದ ಕಲ್ಲು ಮತ್ತೆ ಅನ್ನದಲ್ಲಿ ಬಂದು ಸೇರಿದಂತಾಗುತ್ತದೆ.

ಜ್ಯೂರಿ ಪದ್ಧತಿಯಿರುವ ದೇಶಗಳಲ್ಲಿ ಈ ಅಪಾಯವು ಇನ್ನೂ ಹೆಚ್ಚು. ಅಲ್ಲಿ ಆಪಾದಿತನು ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ಸಾಮಾನ್ಯ ನಾಗರಿಕರಿಂದ ಆಯ್ದ ಒಂದು ಮಂಡಳಿಯು ನಿರ್ಧರಿಸುತ್ತದೆ. ಅವರೂ ಮನೆಯಲ್ಲಿ ಪತ್ರಿಕೆಯನ್ನು ಓದುವವರೇ. ನಮ್ಮ ದೇಶದಲ್ಲಿಯೂ ಈ ಪದ್ಧತಿ ಇತ್ತು. 1959ರಲ್ಲಿ ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ಕೆ. ಎಂ. ನಾನಾವತಿಯವರ ಮೇಲೆ ಕೊಲೆಯ ಆಪಾದನೆ ಬಂದಾಗ ‘ಬ್ಲಿಟ್ಜ್’ ಎಂಬ ವಾರಪತ್ರಿಕೆಯು ಬಹಿರಂಗವಾಗಿ ಅವರ ಪಕ್ಷವನ್ನು ವಹಿಸಿತು. ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಜನರು ಅವರನ್ನು ನಿರ್ದೋಷಿಯೆಂದರು. ಈ ಅಭಿಪ್ರಾಯವು ಸಾಕ್ಷ್ಯಕ್ಕೆ ಹೊಂದುವುದಿಲ್ಲವೆಂದು ಭಾವಿಸಿದ ಸೆಷನ್ಸ್ ನ್ಯಾಯಾಧೀಶರು ಮೊಕದ್ದಮೆಯನ್ನು ಉಚ್ಚ ನ್ಯಾಯಾಲಯಕ್ಕೆ ಒಪ್ಪಿಸಿದರು. ಉಚ್ಚ ನ್ಯಾಯಾಲಯವು ಜೀವಾವಧಿ ಶಿಕ್ಷೆಯನ್ನು ವಿಧಿಸಿತು. 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಜ್ಯೂರಿ ಪದ್ಧತಿಯು ಕ್ರಮೇಣ ನಮ್ಮಲ್ಲಿ ಮರೆಯಾಯಿತು; 1973ರ ಸಂಹಿತೆಯಲ್ಲಿ ಅದಕ್ಕೆ ಎಡೆಯೇ ಇರಲಿಲ್ಲ.

ಪತ್ರಿಕೆಯ ಜೊತೆಗೆ ಕ್ಯಾಮರಾ ಸಹ ನ್ಯಾಯಾಲಯವನ್ನು ಹೊಕ್ಕಾಗ ಏನಾಯಿತೆಂಬುದನ್ನು ತಿಳಿಯಲು ಅಮೆರಿಕ ಸಂಯುಕ್ತ ಸಂಸ್ಥಾನದ ಕಡೆಗೆ ನೋಡಬೇಕು. ಈ ಪ್ರಶ್ನೆಯನ್ನು ಆ ದೇಶವು ಹಲವು ದಶಕಗಳ ಕಾಲ ಚರ್ಚಿಸಿದೆ. ತಪ್ಪು ಮಾಡಿ ತಿದ್ದಿಕೊಂಡೂ ಇದೆ.

ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ವಿಮಾನದಲ್ಲಿ ಎಲ್ಲಿಯೂ ಇಳಿಯದೆ ದಾಟಿ ಜಗತ್ಪ್ರಸಿದ್ಧನಾಗಿದ್ದ ಚಾರ್ಲ್ಸ್ ಲಿಂಡ್‌ಬರ್ಗನ ಎಳೆಯ ಮಗುವನ್ನು 1932ರಲ್ಲಿ ಕಳ್ಳರು ಅಪಹರಿಸಿದರು. ಮಗುವು ಶವವಾಗಿ ದೊರೆಯಿತು. ಆಪಾದಿತನಾದ ಬ್ರೂನೋ ಹಾಪ್ಟ್‌ಮನ್ನನ ವಿಚಾರಣೆಯು 1935ರಲ್ಲಿ ನ್ಯೂಜೆರ್ಸಿ ರಾಜ್ಯದ ಫ್ಲೆಮಿಂಗ್‌ಟನ್ ಎಂಬ ಚಿಕ್ಕ ಊರಿನಲ್ಲಿ ನಡೆಯಿತು. ನೂರಾರು ಬಾತ್ಮೀದಾರರೂ ಛಾಯಾಗ್ರಾಹಕರೂ ಅಲ್ಲಿಗೆ ಮುತ್ತಿದರು. ನ್ಯಾಯಾಲಯದ ಗಾಂಭೀರ್ಯವು ಸಂತೆಯ ಗದ್ದಲದಲ್ಲಿ ಮುಳುಗಿಹೋಯಿತು. ಇದನ್ನು ಕಂಡು ಬೇಸರಗೊಂಡ ಅಮೆರಿಕದ ವಕೀಲರ ಸಂಘವು, ನ್ಯಾಯಾಲಯದೊಳಗೆ ಛಾಯಾಚಿತ್ರ ತೆಗೆಯುವುದೂ ಬಾನುಲಿಯಲ್ಲಿ ಪ್ರಸಾರ ಮಾಡುವುದೂ ಕೂಡದೆಂದು 1937ರಲ್ಲಿ ನಿಯಮ ಮಾಡಿತು. 1952ರಲ್ಲಿ ದೂರದರ್ಶನವನ್ನೂ ಅದರಲ್ಲಿ ಸೇರಿಸಲಾಯಿತು. ಆದರೆ ಎಲ್ಲ ರಾಜ್ಯಗಳೂ ಈ ನಿಯಮವನ್ನು ಅನುಸರಿಸಲಿಲ್ಲ. ಹಾಗೆ ಅನುಸರಿಸದೆ ಉಳಿದ ರಾಜ್ಯಗಳಲ್ಲಿ ಟೆಕ್ಸಾಸ್ ಒಂದು.

ಆ ರಾಜ್ಯದಲ್ಲಿ ಬಿಲ್ಲಿ ಸಾಲ್ ಎಸ್ಟಿಸ್ ಎಂಬ ಸಿರಿವಂತ ವ್ಯಾಪಾರಿಯಿದ್ದನು. ಎಲ್ಲಿಯೂ ಇಲ್ಲದ ಗೊಬ್ಬರದ ತೊಟ್ಟಿಗಳನ್ನು ಮಾರಿದಂತೆ ನಟಿಸಿ, ಅವುಗಳ ಮೇಲೆ ರೈತರಿಂದ ಅಡಮಾನದ ಪತ್ರಗಳನ್ನು ಬರೆಸಿಕೊಂಡು ವಂಚಿಸಿದನೆಂಬುದು ಅವನ ಮೇಲಿನ ಆಪಾದನೆ. 1962ರ ಸೆಪ್ಟೆಂಬರಿನಲ್ಲಿ ಟೈಲರ್ ಎಂಬ ನಗರದ ನ್ಯಾಯಾಲಯದಲ್ಲಿ ಪೂರ್ವಭಾವಿ ವಿಚಾರಣೆಯು ನಡೆದಾಗ, ಕನಿಷ್ಠ ಹನ್ನೆರಡು ಮಂದಿ ಕ್ಯಾಮರಾ ಹಿಡಿದವರು ಒಳಗಿದ್ದರು. ತಂತಿಗಳು ನೆಲದ ಮೇಲೆ ಹಾವುಗಳಂತೆ ಹರಿದಾಡಿದ್ದವು. ನ್ಯಾಯಾಧೀಶರ ಮೇಜಿನ ಮೇಲೆ ಮೂರು ಧ್ವನಿಗ್ರಾಹಕಗಳಿದ್ದವು. ಇನ್ನೂ ಕೆಲವು ಜ್ಯೂರಿಯ ಆಸನಗಳ ಕಡೆಗೂ ವಕೀಲರ ಮೇಜಿನ ಕಡೆಗೂ ಮುಖಮಾಡಿದ್ದವು. ತನ್ನ ವಿಚಾರಣೆಯನ್ನು ಪ್ರಸಾರ ಮಾಡಕೂಡದೆಂದು ಎಸ್ಟಿಸ್ ಬೇಡಿದನು; ನ್ಯಾಯಾಧೀಶರು ಒಪ್ಪಲಿಲ್ಲ. ಮುಂದೆ ಅಕ್ಟೋಬರಿನಲ್ಲಿ ಮುಖ್ಯ ವಿಚಾರಣೆಯು ನಡೆದಾಗ ಕ್ಯಾಮರಾಗಳನ್ನು ಹಿಂದಿನ ಗೋಡೆಯ ಬಳಿ ಕಟ್ಟಿದ ಒಂದು ಗೂಡಿನೊಳಗೆ ಇರಿಸಲಾಯಿತು. ಎಸ್ಟಿಸನಿಗೆ ಶಿಕ್ಷೆಯಾಯಿತು.

ಅವನು ಮೇಲಿನ ನ್ಯಾಯಾಲಯಗಳನ್ನು ಮೊರೆಹೊಕ್ಕನು. 1965ರ ಜೂನ್ 7ರಂದು ಅಮೆರಿಕದ ಸುಪ್ರೀಂ ಕೋರ್ಟು, ಐವರು ಒಂದು ಕಡೆ ನಾಲ್ವರು ಇನ್ನೊಂದು ಕಡೆ ಎಂಬಂತೆ ಸೀಳಿದ ತೀರ್ಪಿನಲ್ಲಿ, ಆ ಶಿಕ್ಷೆಯನ್ನು ರದ್ದು ಮಾಡಿತು. ನ್ಯಾಯಮೂರ್ತಿ ಟಾಮ್ ಕ್ಲಾರ್ಕ್ ಅವರು ಬರೆದ ತೀರ್ಪಿನಲ್ಲಿ ನಾಲ್ಕು ಬಗೆಯ ಜನರ ಮೇಲೆ ಕ್ಯಾಮರಾ ಬೀರುವ ಪರಿಣಾಮವನ್ನು ಎಣಿಸಲಾಗಿದೆ. ಮೊದಲನೆಯವರು ಜ್ಯೂರಿಯವರು: ನೆರೆಹೊರೆಯವರೆಲ್ಲ ತಮ್ಮನ್ನು ನೋಡುತ್ತಿದ್ದಾರೆಂಬ ಅರಿವು ಅವರ ಗಮನವನ್ನು ಸಾಕ್ಷ್ಯದಿಂದ ಆಚೆಗೆ ಸೆಳೆಯುತ್ತದೆ. ಎರಡನೆಯವರು ಸಾಕ್ಷಿಗಳು: ಅಂಜುವ ಸ್ವಭಾವದವನು ತೊದಲುತ್ತಾನೆ, ಡಂಭದವನು ಮಾತನ್ನು ಉಬ್ಬಿಸುತ್ತಾನೆ, ಹಿಂದಿನ ದಿನದ ಸಾಕ್ಷ್ಯವನ್ನು ಮನೆಯಲ್ಲಿ ನೋಡಿದವನು ತನ್ನ ಮಾತನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಮೂರನೆಯವರು ನ್ಯಾಯಾಧೀಶರು: ವಿಚಾರಣೆಯ ಜೊತೆಗೆ ಪ್ರಸಾರದ ಮೇಲ್ವಿಚಾರಣೆಯೂ ಅವರ ತಲೆಗೆ ಬರುತ್ತದೆ, ಚುನಾವಣೆಯಿಂದ ನ್ಯಾಯಾಧೀಶರನ್ನು ಆರಿಸುವ ರಾಜ್ಯಗಳಲ್ಲಿ ಜನಪ್ರಿಯತೆಯ ಆಸೆಯೂ ಕಾಡೀತು. ನಾಲ್ಕನೆಯವನು ಆಪಾದಿತನು: ಅವನ ಪ್ರತಿಯೊಂದು ಮುಖಭಾವವನ್ನೂ ಹಿಡಿಯುವ ಕ್ಯಾಮರಾ ಅವನ ಪಾಲಿಗೆ ಒಂದು ಬಗೆಯ ಕಿರುಕುಳವೇ ಸರಿ. ಅಂದು ಅಸಮ್ಮತಿಯನ್ನು ಸೂಚಿಸಿದ ನಾಲ್ವರು ಈ ಅಪಾಯಗಳನ್ನು ಅಲ್ಲಗಳೆಯಲಿಲ್ಲ. ಆ ವಿಚಾರಣೆಗೆ ಹಾನಿಯಾದುದು ಸಿದ್ಧವಾಗಿಲ್ಲವೆಂದರು. ಬಹುಮತದಲ್ಲಿದ್ದ ನ್ಯಾಯಮೂರ್ತಿ ಹಾರ್ಲನ್ ಅವರು ಸಹ, ದೂರದರ್ಶನವು ಜನರ ದಿನಬಳಕೆಯ ವಸ್ತುವಾದ ದಿನ ಈ ಪ್ರಶ್ನೆಯನ್ನು ಮತ್ತೆ ನೋಡಬೇಕಾದೀತೆಂದು ಸೂಚಿಸಿದರು.

ಮರುವರ್ಷ, ಎಂದರೆ 1966ರಲ್ಲಿ, ಅದೇ ಸುಪ್ರೀಂ ಕೋರ್ಟಿನ ಮುಂದೆ ಸ್ಯಾಮ್ ಶೆಪರ್ಡ್ ಎಂಬ ವೈದ್ಯನ ಮೊಕದ್ದಮೆಯು ಬಂದಿತು. 1954ರಲ್ಲಿ ಓಹಾಯೋ ರಾಜ್ಯದಲ್ಲಿ ಅವನ ಹೆಂಡತಿಯ ಕೊಲೆಯಾಗಿತ್ತು. ಪತ್ರಿಕೆಗಳು ಮೊದಲ ದಿನಗಳಿಂದಲೂ ಅವನನ್ನೇ ಬೆರಳುಮಾಡಿ ತೋರಿದವು. ಜ್ಯೂರಿಗೆ ಆಯ್ಕೆಯಾಗಬಹುದಾದವರ ಹೆಸರು ವಿಳಾಸಗಳೂ ಅಚ್ಚಾದವು. ನ್ಯಾಯಾಲಯದೊಳಗೆ ಬಾತ್ಮೀದಾರರ ಮೇಜನ್ನು ಎಷ್ಟು ಹತ್ತಿರ ಹಾಕಲಾಗಿತ್ತೆಂದರೆ, ಶೆಪರ್ಡನು ತನ್ನ ವಕೀಲನೊಡನೆ ಗುಟ್ಟಾಗಿ ಒಂದು ಮಾತನಾಡಬೇಕಾದರೆ ಕೋಣೆಯಿಂದ ಹೊರಗೆ ಹೋಗಬೇಕಾಗಿತ್ತು. ಸುಪ್ರೀಂ ಕೋರ್ಟು ಅವನ ಶಿಕ್ಷೆಯನ್ನು ರದ್ದು ಮಾಡಿತು. ಮರುವಿಚಾರಣೆಯಲ್ಲಿ ಜ್ಯೂರಿಯು ಅವನನ್ನು ನಿರ್ದೋಷಿಯೆಂದಿತು. ಅಷ್ಟರಲ್ಲಿ ಅವನ ಬಾಳಿನ ಸುಮಾರು ಹತ್ತು ವರ್ಷಗಳು ಸೆರೆಮನೆಯಲ್ಲಿ ಕಳೆದುಹೋಗಿದ್ದವು. ಆ ವರ್ಷಗಳನ್ನು ಯಾವ ತೀರ್ಪೂ ಹಿಂದಕ್ಕೆ ಕೊಡಲಾರದು. ಈ ತೀರ್ಪಿನಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಸುಪ್ರೀಂ ಕೋರ್ಟು ಪತ್ರಿಕೆಗಳ ಬಾಯಿ ಕಟ್ಟಬೇಕೆಂದು ಹೇಳಲಿಲ್ಲ. ತನ್ನ ನ್ಯಾಯಾಲಯವನ್ನು ಹತೋಟಿಯಲ್ಲಿಟ್ಟುಕೊಳ್ಳದ ನ್ಯಾಯಾಧೀಶರದೇ ತಪ್ಪೆಂದು ಹೇಳಿತು. ಸಾಕ್ಷಿಗಳನ್ನು ಬೇರೆಯಾಗಿ ಇರಿಸಬಹುದಾಗಿತ್ತು. ವಿಚಾರಣೆಯನ್ನು ಮುಂದಕ್ಕೆ ಹಾಕಬಹುದಾಗಿತ್ತು. ಬೇರೆ ಊರಿಗೆ ವರ್ಗಾಯಿಸಬಹುದಾಗಿತ್ತು.

ಕಾಲವು ಉರುಳಿತು. ಕ್ಯಾಮರಾಗಳು ಚಿಕ್ಕವಾದವು, ಕಣ್ಣು ಕೋರೈಸುವ ದೀಪಗಳು ಬೇಡವಾದವು. 1977ರಲ್ಲಿ ಫ್ಲಾರಿಡಾ ರಾಜ್ಯವು ಒಂದು ವರ್ಷದ ಪ್ರಯೋಗವನ್ನು ಕೈಗೊಂಡಿತು. ಅದರ ನಿಯಮಗಳು ಬಿಗಿಯಾಗಿದ್ದವು. ನ್ಯಾಯಾಲಯದಲ್ಲಿ ಒಂದೇ ದೂರದರ್ಶನ ಕ್ಯಾಮರಾ, ಅದನ್ನು ನಡೆಸಲು ಒಬ್ಬನೇ ತಂತ್ರಜ್ಞ. ಕ್ಯಾಮರಾ ತನ್ನ ಸ್ಥಳವನ್ನು ಬಿಟ್ಟು ಕದಲಕೂಡದು. ಕೃತಕ ಬೆಳಕು ಕೂಡದು. ಜ್ಯೂರಿಯವರ ಮುಖವನ್ನು ತೋರಿಸಕೂಡದು. ವಕೀಲನೂ ಕಕ್ಷಿದಾರನೂ ಆಡಿಕೊಳ್ಳುವ ಮಾತನ್ನು ಧ್ವನಿಮುದ್ರಿಸಕೂಡದು. ಸಾಕ್ಷಿಯೊಬ್ಬನಿಗೆ ತೊಂದರೆಯಾಗುವುದೆಂದು ಕಂಡರೆ ಕ್ಯಾಮರಾವನ್ನು ನಿಲ್ಲಿಸುವ ಅಧಿಕಾರವು ನ್ಯಾಯಾಧೀಶರಿಗಿರಬೇಕು.

ಈ ಪ್ರಯೋಗದ ಕಾಲದಲ್ಲಿಯೇ ಮಯಾಮಿ ಬೀಚ್ ನಗರದ ಇಬ್ಬರು ಪೊಲೀಸರ ಮೇಲೆ, ಒಂದು ರೆಸ್ಟೋರೆಂಟಿಗೆ ಕನ್ನ ಹಾಕಿದರೆಂಬ ಆಪಾದನೆಯು ಬಂದಿತು. ಅವರು ಕಳ್ಳತನದ ಸಮಯದಲ್ಲಿ ತಮ್ಮ ನಿಸ್ತಂತು ಯಂತ್ರಗಳಲ್ಲಿ ಆಡಿಕೊಂಡ ಮಾತುಗಳನ್ನು ಹವ್ಯಾಸಿ ರೇಡಿಯೋಗಾರನೊಬ್ಬನು ಆಕಸ್ಮಿಕವಾಗಿ ಕೇಳಿ ಧ್ವನಿಮುದ್ರಿಸಿದ್ದನು. ಕಳ್ಳರನ್ನು ಹಿಡಿಯಬೇಕಾದವರೇ ಕಳ್ಳರೆಂಬ ಈ ಸುದ್ದಿಯು ಸಹಜವಾಗಿಯೇ ಕುತೂಹಲವನ್ನು ಕೆರಳಿಸಿತು. ಆಪಾದಿತರು ಬೇಡವೆಂದರೂ ಕ್ಯಾಮರಾ ಒಳಗೆ ಬಂದಿತು. ಅವರಿಗೆ ಶಿಕ್ಷೆಯಾಯಿತು. ‘ಚಾಂಡ್ಲರ್ ವಿರುದ್ಧ ಫ್ಲಾರಿಡಾ’ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ 1981ರ ಜನವರಿ 26ರಂದು ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದ ತೀರ್ಪನ್ನು ನೀಡಿತು. ಕ್ಯಾಮರಾ ಇದ್ದ ಮಾತ್ರಕ್ಕೆ ವಿಚಾರಣೆಯು ಅನ್ಯಾಯವಾಗುವುದಿಲ್ಲ. ರಾಜ್ಯಗಳು ತಕ್ಕ ಕಟ್ಟುಪಾಡುಗಳೊಡನೆ ಅದಕ್ಕೆ ಅವಕಾಶ ಕೊಡಬಹುದು. ಆದರೆ ತನ್ನ ವಿಚಾರಣೆಗೆ ಅದರಿಂದ ನಿಜವಾಗಿಯೂ ಹಾನಿಯಾಯಿತೆಂದು ತೋರಿಸಿಕೊಡುವ ಹಕ್ಕು ಆಪಾದಿತನಿಗೆ ಉಂಟು. ಇದು ಆ ತೀರ್ಪಿನ ಸಾರ.

ಆದರೆ ಈ ಮೊಕದ್ದಮೆಯ ದಾಖಲೆಯಲ್ಲಿರುವ ಒಂದು ಸಣ್ಣ ಸಂಗತಿಯು ನಮ್ಮನ್ನು ಯೋಚನೆಗೆ ಹಚ್ಚಬೇಕು. ಆ ವಿಚಾರಣೆಯಿಂದ ದೂರದರ್ಶನದಲ್ಲಿ ಪ್ರಸಾರವಾದುದು ಒಟ್ಟು 2 ನಿಮಿಷ 55 ಸೆಕೆಂಡುಗಳ ಚಿತ್ರ ಮಾತ್ರ. ಅದರಲ್ಲಿ ಇದ್ದುದೆಲ್ಲವೂ ಸರ್ಕಾರದ ಪಕ್ಷವೇ. ಪ್ರತಿವಾದಿಗಳು ತಮ್ಮ ಸಾಕ್ಷ್ಯವನ್ನು ಮುಂದಿಟ್ಟಾಗ ಕ್ಯಾಮರಾ ಅಲ್ಲಿ ಇರಲೇ ಇಲ್ಲ. ನ್ಯಾಯಾಲಯದ ಒಳಗಿದ್ದ ಜ್ಯೂರಿಯು ಎರಡೂ ಪಕ್ಷಗಳನ್ನು ಕೇಳಿತು. ಮನೆಯಲ್ಲಿ ಕುಳಿತ ನೋಡುಗನು ಒಂದೇ ಪಕ್ಷವನ್ನು ಕಂಡನು. ಆದರೂ ಆತನು ತಾನು ವಿಚಾರಣೆಯನ್ನು ಕಣ್ಣಾರೆ ಕಂಡೆನೆಂದೇ ತಿಳಿದಿರಬೇಕು. ಪತ್ರಿಕೆಯನ್ನು ಓದುವವನಿಗೆ ತಾನು ಇನ್ನೊಬ್ಬರ ಮಾತನ್ನು ನಂಬುತ್ತಿದ್ದೇನೆಂಬ ಎಚ್ಚರವಾದರೂ ಇರುತ್ತದೆ. ಚಿತ್ರವನ್ನು ನೋಡುವವನಿಗೆ ಆ ಎಚ್ಚರವೂ ತಪ್ಪುತ್ತದೆ. ಕ್ಯಾಮರಾ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ನಿಜವನ್ನು ಪೂರ್ತಿಯಾಗಿ ಹೇಳುವುದೂ ಇಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂಬುದನ್ನು ನಿರ್ಧರಿಸುವ ಕೈ ಅದರ ಹಿಂದೆ ಇದ್ದೇ ಇರುತ್ತದೆ.

ಇಂಗ್ಲೆಂಡು ಬೇರೊಂದು ದಾರಿಯನ್ನು ಹಿಡಿಯಿತು. 1925ರ ಕಾನೂನಿನಿಂದ ನ್ಯಾಯಾಲಯದೊಳಗೆ ಛಾಯಾಚಿತ್ರ ತೆಗೆಯುವುದನ್ನು ಅದು ಸಂಪೂರ್ಣವಾಗಿ ನಿಷೇಧಿಸಿತು. ಬಹುಕಾಲದ ಅನಂತರ, 2022ರ ಜುಲೈನಿಂದ, ಘೋರ ಅಪರಾಧಗಳನ್ನು ವಿಚಾರಿಸುವ ಕ್ರೌನ್ ನ್ಯಾಯಾಲಯಗಳಲ್ಲಿ ಶಿಕ್ಷೆಯನ್ನು ವಿಧಿಸುವ ನ್ಯಾಯಾಧೀಶರ ಮಾತುಗಳನ್ನು ಪ್ರಸಾರ ಮಾಡಲು ಅವಕಾಶ ದೊರೆಯಿತು. ಅಲ್ಲಿ ಕ್ಯಾಮರಾಕ್ಕೆ ಕಾಣುವವರು ನ್ಯಾಯಾಧೀಶರು ಮಾತ್ರ. ಸಾಕ್ಷಿಗಳನ್ನಾಗಲಿ, ನೊಂದವರನ್ನಾಗಲಿ, ಜ್ಯೂರಿಯವರನ್ನಾಗಲಿ ತೋರಿಸುವಂತಿಲ್ಲ.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. 1964ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಒಂದು ಮಾನನಷ್ಟದ ದಾವೆಯು ನಡೆಯುತ್ತಿದ್ದಾಗ, ತನ್ನ ಹೇಳಿಕೆಯು ಪತ್ರಿಕೆಗಳಲ್ಲಿ ಬಂದು ತನ್ನ ವ್ಯಾಪಾರಕ್ಕೆ ನಷ್ಟವಾಯಿತೆಂದು ಸಾಕ್ಷಿಯೊಬ್ಬನು ದೂರಿದನು. ಆತನ ಸಾಕ್ಷ್ಯವನ್ನು ವರದಿ ಮಾಡಬಾರದೆಂದು ನ್ಯಾಯಾಧೀಶರು ಆಜ್ಞಾಪಿಸಿದರು. ಪತ್ರಕರ್ತರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1966ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ ಆ ಆಜ್ಞೆಯನ್ನು ಎತ್ತಿಹಿಡಿಯಿತು. ಬಹಿರಂಗ ವಿಚಾರಣೆಯಿರುವುದು ನ್ಯಾಯಕ್ಕಾಗಿ. ಬಹಿರಂಗವಾಗುವುದರಿಂದಲೇ ನ್ಯಾಯವು ಕೆಡುವಂತಿದ್ದರೆ ಅದನ್ನು ಮಿತಿಗೊಳಿಸುವ ಅಧಿಕಾರವು ನ್ಯಾಯಾಲಯಕ್ಕೆ ಉಂಟೆಂದು ಅದು ತಿಳಿಸಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಇದನ್ನು ಒಪ್ಪದೆ ಭಿನ್ನಮತದ ತೀರ್ಪನ್ನು ಬರೆದರು. 2012ರಲ್ಲಿ ಸಹಾರಾ ಸಂಸ್ಥೆಗೂ ಸೆಬಿಗೂ ನಡೆದ ವ್ಯಾಜ್ಯದಲ್ಲಿ ಐವರ ಪೀಠವು ಈ ಅಧಿಕಾರಕ್ಕೆ ಎಲ್ಲೆಗಳನ್ನು ಹಾಕಿತು. ವಿಚಾರಣೆಗೆ ನಿಜವಾದ, ಗಣನೀಯವಾದ ಅಪಾಯವಿದ್ದಾಗ, ಬೇರೆ ಉಪಾಯವು ಇಲ್ಲದಾಗ, ಸ್ವಲ್ಪ ಕಾಲದ ಮಟ್ಟಿಗೆ ಮಾತ್ರ ವರದಿಯನ್ನು ಮುಂದೂಡಲು ಆಜ್ಞಾಪಿಸಬಹುದೆಂದು ಅದು ವಿವರಿಸಿತು. ಮುಂದೂಡುವುದಕ್ಕೂ ಮುಚ್ಚಿಹಾಕುವುದಕ್ಕೂ ಇರುವ ವ್ಯತ್ಯಾಸವನ್ನು ನಾವು ಗಮನಿಸಬೇಕು.

ನ್ಯಾಯಾಲಯದ ಕಲಾಪವನ್ನು ನೇರವಾಗಿ ಪ್ರಸಾರ ಮಾಡುವ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟವರಲ್ಲಿ ಸ್ವಪ್ನಿಲ್ ತ್ರಿಪಾಠಿ ಎಂಬ ಕಾನೂನು ವಿದ್ಯಾರ್ಥಿಯೂ ಒಬ್ಬರು. ಹಿರಿಯ ವಕೀಲರಾದ ಇಂದಿರಾ ಜೈಸಿಂಗ್ ಅವರೂ ಇದಕ್ಕಾಗಿ ವಾದಿಸಿದರು. 2018ರ ಸೆಪ್ಟೆಂಬರ್ 26ರಂದು ನ್ಯಾಯಾಲಯವು ಅವರ ಪ್ರಾರ್ಥನೆಯನ್ನು ತತ್ತ್ವಶಃ ಒಪ್ಪಿತು. ಗುಜರಾತಿನ ಉಚ್ಚ ನ್ಯಾಯಾಲಯವು 2020ರಲ್ಲಿ ನೇರಪ್ರಸಾರಕ್ಕೆ ಮೊದಲಿಟ್ಟಿತು. ಕರ್ನಾಟಕದ ಉಚ್ಚ ನ್ಯಾಯಾಲಯವು ಈ ಬಗ್ಗೆ ಮಾಡಿದ ನಿಯಮಗಳು 2022ರ ಜನವರಿ 1ರಂದು ಜಾರಿಗೆ ಬಂದವು. ಅದೇ ವರ್ಷದ ಸೆಪ್ಟೆಂಬರ್ 27ರಿಂದ ಸರ್ವೋಚ್ಚ ನ್ಯಾಯಾಲಯವು ಸಂವಿಧಾನ ಪೀಠಗಳ ಕಲಾಪವನ್ನು ಪ್ರಸಾರ ಮಾಡತೊಡಗಿತು.

ಇಲ್ಲಿಯೂ ಕಟ್ಟುಪಾಡುಗಳುಂಟು. ಸರ್ವೋಚ್ಚ ನ್ಯಾಯಾಲಯದ ಇ-ಸಮಿತಿಯು 2021ರಲ್ಲಿ ಸಿದ್ಧಪಡಿಸಿದ ಮಾದರಿ ನಿಯಮಗಳನ್ನು ನೋಡಿದರೆ ಅವುಗಳ ಸ್ವರೂಪವು ತಿಳಿಯುತ್ತದೆ. ಗಂಡಹೆಂಡಿರ ವ್ಯಾಜ್ಯಗಳು, ಲೈಂಗಿಕ ಅಪರಾಧಗಳು, ಮಕ್ಕಳಿಗೆ ಸಂಬಂಧಿಸಿದ ಮೊಕದ್ದಮೆಗಳು, ಇವು ಪ್ರಸಾರವಾಗುವಂತಿಲ್ಲ. ಸಾಕ್ಷಿಗಳ ವಿಚಾರಣೆಯೂ ಪಾಟೀಸವಾಲೂ ಪ್ರಸಾರವಾಗುವಂತಿಲ್ಲ. ಎಸ್ಟಿಸನ ಮೊಕದ್ದಮೆಯಲ್ಲಿ ಯಾವ ಸಾಕ್ಷಿಯ ಅಂಜಿಕೆಯನ್ನು ಕುರಿತು ಹೇಳಲಾಯಿತೋ ಆ ಸಾಕ್ಷಿಗೆ ಇಲ್ಲಿ ರಕ್ಷಣೆಯು ದೊರೆತಿದೆ. ಕಲಾಪವು ಕೆಲವು ನಿಮಿಷ ತಡವಾಗಿ ಹೊರಬೀಳುವ ಏರ್ಪಾಡೂ ಇದೆ. ಆಡಬಾರದ ಮಾತೊಂದು, ಹೊರಬೀಳಬಾರದ ಹೆಸರೊಂದು ಬಂದರೆ ತಡೆಯಲು ಅದರಿಂದ ಸಮಯವು ಸಿಗುತ್ತದೆ. ಮುಖ್ಯವಾಗಿ, ಇಲ್ಲಿ ಕ್ಯಾಮರಾ ನ್ಯಾಯಾಲಯದ್ದೇ ಹೊರತು ಯಾವುದೋ ವಾಹಿನಿಯದಲ್ಲ.

ಆದರೂ ತೊಡಕುಗಳು ತಪ್ಪಲಿಲ್ಲ. 2022ರ ಫೆಬ್ರವರಿಯಲ್ಲಿ, ತರಗತಿಗಳಲ್ಲಿ ಹಿಜಾಬ್ ಧರಿಸುವ ಪ್ರಶ್ನೆಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು ವಿಚಾರಿಸಿದಾಗ, ದೇಶದ ನಾನಾ ಕಡೆಗಳಿಂದ ಜನರು ಅದರ ನೇರಪ್ರಸಾರವನ್ನು ನೋಡಿದರು. ವಾದದ ನಡುವೆ ಆಡಿದ ಮಾತುಗಳನ್ನು ಅಂತಿಮ ಆದೇಶವನ್ನು ನೋಡದೆ ಪ್ರಕಟಿಸಬೇಡಿರೆಂದು ಪೀಠವು ಮಾಧ್ಯಮಗಳನ್ನು ಕೋರಿತು. ಇದಕ್ಕೆ ಕಾರಣವಿದೆ. ವಕೀಲರ ವಾದದ ಗಟ್ಟಿತನವನ್ನು ಪರೀಕ್ಷಿಸಲು ನ್ಯಾಯಾಧೀಶರು ಎಷ್ಟೋ ಸಲ ಅದಕ್ಕೆ ವಿರುದ್ಧವಾದ ಪ್ರಶ್ನೆಯನ್ನು ಹಾಕುತ್ತಾರೆ. ಆ ಪ್ರಶ್ನೆಯು ತೀರ್ಪಲ್ಲ. ಅದನ್ನು ಮಾತ್ರ ಕತ್ತರಿಸಿ ತೋರಿಸಿದರೆ ಅದು ತೀರ್ಪಿನಂತೆ ಕಾಣುತ್ತದೆ. 2023ರ ಡಿಸೆಂಬರಿನಲ್ಲಿ ಕಿಡಿಗೇಡಿಗಳು ಕಲಾಪದ ನಡುವೆ ನುಸುಳಿ ಅಸಭ್ಯ ದೃಶ್ಯಗಳನ್ನು ತೂರಿಸಿದುದರಿಂದ ಇದೇ ನ್ಯಾಯಾಲಯವು ನೇರಪ್ರಸಾರವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

2024ರ ಸೆಪ್ಟೆಂಬರಿನಲ್ಲಿ ಇನ್ನೊಂದು ಘಟನೆಯು ನಡೆಯಿತು. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಯೊಬ್ಬರು ಆಡಿದ ಅನುಚಿತವಾದ ಮಾತುಗಳ ದೃಶ್ಯತುಣುಕುಗಳು ದೇಶದಲ್ಲೆಲ್ಲ ಹರಡಿದವು. ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ಆ ನ್ಯಾಯಮೂರ್ತಿಯವರು ವಿಷಾದವನ್ನು ವ್ಯಕ್ತಪಡಿಸಿದರು. ಪ್ರಕರಣವು ಅಲ್ಲಿಗೆ ಮುಗಿಯಿತು. ಇದೇ ವೇಳೆಗೆ, ನೇರಪ್ರಸಾರದ ತುಣುಕುಗಳನ್ನು ಕತ್ತರಿಸಿ ಬಳಸುವುದಕ್ಕೆ ಕರ್ನಾಟಕದ ಉಚ್ಚ ನ್ಯಾಯಾಲಯವು ಮಧ್ಯಂತರ ತಡೆಯನ್ನು ವಿಧಿಸಿತು. ಆದರೆ ಬೆಳಕಿನಿಂದ ಕಂಡುಬಂದ ದೋಷಕ್ಕೆ ಇನ್ನಷ್ಟು ಬೆಳಕೇ ಮದ್ದು, ಬಾಗಿಲು ಮುಚ್ಚುವುದಲ್ಲ ಎಂಬ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯವು ಸೂಚಿಸಿತು. ಈ ಘಟನೆಯು ನಾಣ್ಯದ ಎರಡು ಮುಖಗಳನ್ನೂ ತೋರಿಸುತ್ತದೆ. ಕ್ಯಾಮರಾ ಇಲ್ಲದಿದ್ದರೆ ಆ ಮಾತುಗಳು ಆ ಕೋಣೆಯಲ್ಲಿಯೇ ಉಳಿದುಹೋಗುತ್ತಿದ್ದವು. ಹಾಗೆಯೇ, ಕತ್ತರಿಸಿದ ತುಣುಕು ನಾಳೆ ನಿರ್ದೋಷಿಯಾದ ನ್ಯಾಯಾಧೀಶರನ್ನೂ ವಕೀಲರನ್ನೂ ಬಡ ಕಕ್ಷಿದಾರನನ್ನೂ ನಗೆಪಾಟಲು ಮಾಡಬಲ್ಲದು.

ಹಾಗಾದರೆ ಪತ್ರಿಕಾ ಸ್ವಾತಂತ್ರ್ಯವು ದೊಡ್ಡದೋ, ನ್ಯಾಯಬದ್ಧವಾದ ವಿಚಾರಣೆಯ ಹಕ್ಕು ದೊಡ್ಡದೋ? ಈ ಪ್ರಶ್ನೆಯನ್ನು ಹೀಗೆ ಕೇಳುವುದೇ ಸರಿಯಲ್ಲ. ಇವೆರಡೂ ಒಂದೇ ನೊಗಕ್ಕೆ ಹೂಡಿದ ಎತ್ತುಗಳು. ಪತ್ರಿಕೆಯು ಇಲ್ಲದಿದ್ದರೆ ಅನ್ಯಾಯದ ವಿಚಾರಣೆಯು ಯ���ರಿಗೂ ತಿಳಿಯದೆ ನಡೆದುಹೋಗುತ್ತದೆ. ನ್ಯಾಯಾಲಯವು ಇಲ್ಲದಿದ್ದರೆ ಪತ್ರಿಕೆಯ ಸ್ವಾತಂತ್ರ್ಯವನ್ನು ಕಾಪಾಡುವವರೇ ಇರುವುದಿಲ್ಲ. ಫ್ಲಾರಿಡಾದ ನಿಯಮಗಳಿಂದಲೂ ನಮ್ಮ ನಿಯಮಗಳಿಂದಲೂ ತಿಳಿದುಬರುವ ವಿವೇಕವು ಒಂದೇ: ನ್ಯಾಯಾಲಯದ ಬಾಗಿಲು ತೆರೆದೇ ಇರಬೇಕು, ಆದರೆ ತೀರ್ಪು ಒಳಗೆ ಮಾತ್ರ ಹುಟ್ಟಬೇಕು. ಹೊರಗಿನವರು ನೋಡಲಿ, ತಿಳಿಯಲಿ, ಟೀಕಿಸಲಿ. ಒಳಗೆ ಸಾಕ್ಷ್ಯವನ್ನು ತೂಗುತ್ತಿರುವ ಕೈಯನ್ನು ಹಿಡಿದು ಎಳೆಯದಿರಲಿ.

ಇದಕ್ಕೆ ನಿಯಮಗಳು ಮಾತ್ರ ಸಾಲವು. ಇಂದು ತುಣುಕುಗಳು ಹರಡುವುದು ವಾಹಿನಿಗಳಿಂದ ಮಾತ್ರವಲ್ಲ. ಪ್ರತಿಯೊಬ್ಬರ ಕೈಯಲ್ಲಿರುವ ದೂರವಾಣಿಯಿಂದಲೂ ಅವು ಹರಡುತ್ತವೆ. ನೋಡಿದುದನ್ನು ಇನ್ನೊಬ್ಬರಿಗೆ ಕಳಿಸುವ ಪ್ರತಿಯೊಬ್ಬನೂ ಆ ಕ್ಷಣದಲ್ಲಿ ಒಬ್ಬ ಪತ್ರಕರ್ತನೇ ಆಗುತ್ತಾನೆ. ಪತ್ರಕರ್ತನ ಹೊಣೆಯೂ ಅವನ ಮೇಲೆ ಬೀಳುತ್ತದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಗಾದೆಯು ಹೇಳುತ್ತದೆ. ಕ್ಯಾಮರಾ ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲು ಹುಟ್ಟಿದ ಈ ಮಾತು ಕ್ಯಾಮರಾಕ್ಕೆಂದೇ ಹೇಳಿದಂತಿದೆ. ಕಟಕಟೆಯಲ್ಲಿ ನಿಂತವನ ಚಿತ್ರವು ಕಣ್ಣ ಮುಂದೆ ಬಂದಾಗ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದು ಇಡೀ ಕಲಾಪವೋ, ತುಣುಕೋ? ಇನ್ನೊಂದು ಪಕ್ಷವು ಹೇಳಿದ್ದೇನು? ಇದು ಮಾತೋ, ತೀರ್ಪೋ? ಈ ಪ್ರಶ್ನೆಗಳಿಗೆ ಉತ್ತರವು ದೊರೆಯುವವರೆಗೆ ತೀರ್ಮಾನವನ್ನು ತಡೆಹಿಡಿಯುವ ತಾಳ್ಮೆಯನ್ನು ಕಲಿತ ಜನರ ನಡುವೆ, ಕ್ಯಾಮರಾ ಇದ್ದರೂ ಆಪಾದಿತನಿಗೆ ಅಂಜಿಕೆಯಿಲ್ಲ.